ಹುಣಸೆಹಣ್ಣು ಹಾಕಿ ತಿಕ್ಕಿದ ಆನೆಕಾಸು

ಚಿಲ್ಲರೆ ಇಲ್ಲ ಎಂದು ಜನರನ್ನು ಹೆದರಿಸುವ ಕಂಡಕ್ಟರುಗಳನ್ನು ನೀವು ಬೇಕಾದಷ್ಟು ಕಂಡಿದ್ದೀರಿ. ಚಿಲ್ಲರೆ ಕೊಡಲು ಹೆದರುವ ಕಂಡಕ್ಟರನ್ನು ಕಂಡಿದ್ದೀರಾ? ಇಲ್ಲವಾದರೆ ನೀವು ನನ್ನ ಭಾವನ ಜೊತೆ ಒಮ್ಮೆ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಬರಬೇಕಿತ್ತು! ಭಾವ ಎಂದರೆ ನನ್ನ ಅಕ್ಕನ ಗಂಡ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಕಂಡಕ್ಟರ್ ಕೊಟ್ಟ ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಸವಿಯ ಕೆಳಗೆ ಸಾಸಿವೆ ಕಾಳಿನಷ್ಟಿರುವ ಟಂಕಸಾಲೆಯ ಗುರುತನ್ನು ದಿಟ್ಟಿಸಿ, "ನಕ್ಷತ್ರ ಐತೆ, ಹೈದರಾಬಾದಿಂದು. ಇದು ನನ್ನ ಹತ್ರ ಐತೆ ಕಣ್ರೀ, ಬೇರೆ ಕೊಡ್ರಿ" ಎಂದು ವಾಪಸ್ಸು ಮಾಡುತ್ತಿದ್ದರು. ಒಬ್ಬ ಕಂಡಕ್ಟರಂತೂ ಬ್ಯಾಗಿನ ಚಿಲ್ಲರೆಯನ್ನೆಲ್ಲ ಅವರ ಮಡಿಲಿಗೆ ಸುರಿದು, "ಆರಿಸ್ಕೊಂಡು ಇಳಿಯೋವಾಗ ಕೊಡ್ರಿ ಮಾರಾಯ್ರೆ" ಎಂದು ಮುಂದಿನ ಸೀಟಿಗೆ ಹೋಗಿಬಿಟ್ಟ.

ನನ್ನ ಮದುವೆಯಲ್ಲಿ ಇದೇ ಭಾವ ಆರತಿ ತಟ್ಟೆಗೆ ಹತ್ತು ರೂಪಾಯಿಯ ನೋಟು ಹಾಕಿ, ಅದರಲ್ಲಿದ್ದ ಕಮಲದ ಹೂವಿನ ಹಳದಿ ಇಪ್ಪತ್ತು ಪೈಸೆಯನ್ನು ಎತ್ತಿಕೊಂಡರು. ನೋಟು ಹಾಕಿದ್ದನ್ನು ಯಾರೂ ನೋಡಲಿಲ್ಲ. ಪೈಸೆ ಎತ್ತಿಕೊಂಡದ್ದನ್ನು ಇಡೀ ಚಪ್ಪರ ನೋಡಿತು! ನನ್ನ ಗಂಡನ ಕಡೆಯವರು ಇವತ್ತಿಗೂ ಆರತಿ ತಟ್ಟೆಯನ್ನು ಅವರ ಮುಂದೆ ಬೇಗ ಬೇಗ ದಾಟಿಸುತ್ತಾರೆ.

ಭಾವನ ತಾಯಿಯನ್ನು ನಾವೆಲ್ಲ ಅವ್ವ ಎನ್ನುತ್ತೇವೆ. ಅವ್ವನಿಗೆ ಈ ನಾಣ್ಯಗಳ ಮುಖ ಕಂಡರಾಗದು. ನಮ್ಮ ಮನೆಮಾತು ತೆಲುಗಾದ್ದರಿಂದ ಆಕೆಯ ಬೈಗುಳ ತೆಲುಗಿನಲ್ಲಿ ಹೊರಟು ಕನ್ನಡದಲ್ಲಿ ತಲುಪುತ್ತಿತ್ತು. "ಏಮಿರಾ ಇದಿ? ಲೋಕದ ಜನ ದುಡ್ಡು ಕೊಟ್ಟು ಸಾಮಾನು ತರ್ತಾರೆ. ನೀನು ದುಡ್ಡು ಕೊಟ್ಟು ದುಡ್ಡು ತರ್ತೀಯಲ್ಲೋ!" ಮಗ ನಾಣ್ಯದ ಡಬ್ಬಿ ತೆರೆದರೆ ಸಾಕು, ಅವ್ವ ಹಿತ್ತಿಲಿಗೆ ಎದ್ದು ಹೋಗುತ್ತಿದ್ದಳು. ಒಂದು ದಿನವೂ ಅವನ್ನು ಕೈಯಿಂದ ಮುಟ್ಟಿದವಳಲ್ಲ.

ಎರಡು ಸಾವಿರದ ಇಸವಿಯ ನಂತರ ಚಳ್ಳಕೆರೆಯಲ್ಲಿ ಸೈಬರ್ ಸೆಂಟರುಗಳು ಶುರುವಾದವಲ್ಲ, ಆಗಿನ ಮಾತು. ನಾಣ್ಯದ ಹುಚ್ಚಿರುವವರೆಲ್ಲ ಸೇರಿ ಹರಟುವ ಒಂದು ತಾಣ ಇಂಟರ್ನೆಟ್ಟಿನಲ್ಲಿದೆ ಎಂದು ಭಾವನಿಗೆ ಹೇಗೋ ಗೊತ್ತಾಯಿತು. ಅವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ಚಳ್ಳಕೆರೆಯಲ್ಲಿ ಟೀಚರಾಗಿದ್ದ ನಾನೇ ಅವರ ಖಾಯಂ ಟೈಪಿಸ್ಟ್. ಸಂಬಳ, ಬಸ್‌ಸ್ಟ್ಯಾಂಡ್ ಪಕ್ಕದ ಮಂಡಕ್ಕಿ ಮೆಣಸಿನಕಾಯಿ!

ಅಲ್ಲಿ ಭಾವನ ಹೆಸರಿನ ಪಕ್ಕ ಒಂದು ಚಿತ್ರ ಹಾಕಬೇಕಿತ್ತು. "ನಿಮ್ಮದೇ ಫೋಟೋ ಹಾಕೋಣ ಭಾವ" ಎಂದೆ.

"ನನ್ನ ಮುಖಕ್ಕೆ ಇಸವಿ ಐತಾ, ಟಂಕಸಾಲೆ ಗುರ್ತು ಐತಾ? ಯಾರು ನೋಡ್ತಾರೆ? ಬರೋ ವಾರ ಆನೆಕಾಸು ತರ್ತೀನಿ, ಅದು ಹಾಕು" ಎಂದರು.

ಆನೆಕಾಸೆಂದರೆ ಹಳೇ ಮೈಸೂರಿನ ತಾಮ್ರದ ನಾಣ್ಯ, ಒಂದು ಬದಿಯಲ್ಲಿ ಆನೆ ಇರುತ್ತದೆ. ರಾಂಪುರದ ಗುಜರಿ ಅಂಗಡಿಯವನು ತಕ್ಕಡಿಯ ಓರೆ ಸರಿಮಾಡಲು ಇಟ್ಟುಕೊಂಡಿದ್ದನ್ನು ಭಾವ ಒಂದು ರೇಷ್ಮೆ ಶಲ್ಯ ಕೊಟ್ಟು ತಂದಿದ್ದರು. ಅದರ ಮೈಮೇಲೆ ಕಾಲ ಕೂರಿಸಿದ ಕಂದು ಬಣ್ಣವೇ ಅದರ ಬೆಲೆ. ಉಜ್ಜಿದರೆ ಮುಗಿಯಿತು, ಬಲ್ಲವರ ಕಣ್ಣಿಗೆ ಅದು ಬರೀ ತಾಮ್ರದ ಬಿಲ್ಲೆ. ಅಕ್ಕ ಒಮ್ಮೆ ಧೂಳು ಒರೆಸಲು ಹೋದಾಗ ಭಾವ ಮಗ್ಗದ ಗುಂಡಿಯಿಂದ ನೆಗೆದು ಬಂದಿದ್ದರಂತೆ. ಬೆಂಕಿ ಬಿದ್ದರೂ ಆ ಮನುಷ್ಯ ಹಾಗೆ ನೆಗೆಯುವವರಲ್ಲ!

ಮುಂದಿನ ವಾರ ಬಂದು ಕರವಸ್ತ್ರ ಬಿಚ್ಚಿದರು. ಆನೆ ಥಳಥಳ ಹೊಳೆಯುತ್ತಿತ್ತು, ಈಗಷ್ಟೇ ಅಂಗಡಿಯಿಂದ ತಂದ ತಂಬಿಗೆಯ ಹಾಗೆ!

"ಯಾರು ಭಾವ ತಿಕ್ಕಿದ್ದು?"

"ಅವ್ವ."

ಆದದ್ದಿಷ್ಟು. ಮಗನ ಕಾಸು ಕಂಪ್ಯೂಟರಿನಲ್ಲಿ ಫಾರಿನ್ನಿನವರಿಗೂ ಕಾಣುತ್ತದೆ ಎಂದು ಅಕ್ಕ ಅವ್ವನಿಗೆ ಹೇಳಿದ್ದಾಳೆ. ಮಾರನೆಯ ಬೆಳಿಗ್ಗೆ, ದೇವರ ಸಾಮಾನು ತೊಳೆಯಲು ಅಕ್ಕ ನೆನೆಹಾಕಿದ್ದ ಹುಣಸೆಹಣ್ಣಿನಲ್ಲಿ ಅವ್ವ ಆನೆಗೆ ಅಭ್ಯಂಜನ ಮಾಡಿಸಿ, ಮಗನ ಅಂಗೈಯಲ್ಲಿಟ್ಟು, "ನಾಲ್ಕು ಜನ ನೋಡ್ತಾರಂತೆ. ಮಸಿ ಹಿಡಿದಿದ್ದು ಹೆಂಗಪ್ಪಾ ಕಳಿಸ್ತೀಯ?" ಎಂದಿದ್ದಾಳೆ.

ಬೇರೆ ನಾಣ್ಯ ಹಾಕೋಣ ಎಂದರೆ ಭಾವ ಕೇಳಲಿಲ್ಲ. "ಇದನ್ನೇ ಹಾಕು" ಎಂದರು. ಹಾಕಿದೆ.

ಶುರುವಾಯಿತು ನೋಡಿ! ಕೋಲ್ಕತ್ತಾದ ಹಿರಿಯರೊಬ್ಬರು "ಇದು ನಾಣ್ಯವೋ, ಕೋಟಿನ ಗುಂಡಿಯೋ?" ಎಂದು ಕೇಳಿದರು. ಜರ್ಮನಿಯವನೊಬ್ಬ ಅಳುವ ಮುಖದ ಚಿತ್ರ ಕಳಿಸಿದ. ಅಷ್ಟರಲ್ಲಿ ಅವರೆಲ್ಲ ಸೇರಿ ಹೊಸದೊಂದು ಆಟ ಹೂಡಿದರು: ತಂತಮ್ಮ ಚಿತ್ರದ ಹಿಂದಿನ ಕಥೆಯನ್ನು ಪ್ರತಿಯೊಬ್ಬರೂ ಹೇಳಬೇಕು. ಒಬ್ಬನ ಚಿತ್ರದಲ್ಲಿದ್ದುದು ನಾಯಿ. ಅವನ ಬೆಳ್ಳಿ ನಾಣ್ಯವನ್ನು ನುಂಗಿದ ನಾಯಿ. ನಾಣ್ಯ ವಾಪಸ್ಸು ಬಂದ ಬಗೆಯನ್ನು ಆತ ವಿವರವಾಗಿ ಬರೆದಿದ್ದ. ನೀವು ಊಟ ಮಾಡುತ್ತಾ ಓದುತ್ತಿರಬಹುದು, ಬಿಡಿ. ಇನ್ನೊಬ್ಬನದು ಬೋಳುತಲೆಯ ಹಿಂಭಾಗ. ಸದಾ ನಾಣ್ಯದ ಮುಂದೆ ಕೂತಿರುವ ತಾನು ಹೆಂಡತಿಗೆ ಕಾಣುವುದೇ ಹೀಗಂತೆ!

ಕೊನೆಗೆ ಎಲ್ಲರೂ ಭಾವನ ಕಥೆಗೆ ಕಾದು ಕೂತರು. ಅಲ್ಲಿ ನಾಲ್ಕು ಜನ ತಮ್ಮನ್ನು ನಾಣ್ಯ ಬಲ್ಲವರೆಂದು ಎಣಿಸಲಿ ಎಂಬುದು ಭಾವನ ಬಹುದಿನದ ಆಸೆ. ಅದು ಈ ಒಂದು ಉತ್ತರದಲ್ಲಿ ಹೋಗುವುದರಲ್ಲಿತ್ತು. "ಗುಜರಿಯವನೇ ತಿಕ್ಕಿಟ್ಟಿದ್ದ ಅಂತ ಬರೆದುಬಿಡ್ಲಾ ಭಾವ? ಮರ್ಯಾದೆ ಉಳೀತದೆ" ಎಂದೆ.

"ಬ್ಯಾಡ. ನಮ್ಮವ್ವ ತಿಕ್ಕಿದಳು ಅಂತ ಬರಿ."

"ನಗ್ತಾರೆ ಭಾವ."

"ನಗಲಿ ಬಿಡು. ಅವ್ವನ ಬೆರಳು ನೋಡೀಯಾ? ರೇಷ್ಮೆ ಎಳೆ ಸುತ್ತಿ ಸುತ್ತಿ ತುದಿಯೆಲ್ಲ ಸೀಳಿ ಹೋಗ್ಯಾವೆ. ಹುಳಿ ತಾಗಿದ್ರೆ ಬೆಂಕಿ ಇಟ್ಟಂಗೆ ಉರೀತವೆ. ಸಾರಿಗೂ ನಿಮ್ಮಕ್ಕನೇ ಹುಣಸೆಹಣ್ಣು ಕಿವುಚಿ ಕೊಡ್ತಾಳೆ. ಇಷ್ಟು ವರ್ಷ ನನ್ನ ಕಾಸು ಮುಟ್ಟಿದವಳಲ್ಲ. ಮುಟ್ಟಿದಾಗ ಹಿಂಗೆ ಮುಟ್ಟ್ಯಾಳೆ. ಏನಂತ ಬೈಲಿ ಹೇಳು?"

ಅವರು ಹೇಳಿದಂತೆಯೇ ಬೆರಳಿನ ಕಥೆಯನ್ನೂ ಸೇರಿಸಿ ಬರೆದೆ. ಮರುವಾರ ಕೋಲ್ಕತ್ತಾದ ಹಿರಿಯರ ಉತ್ತರ ಬಂದಿತ್ತು: "ನಿಮ್ಮ ತಾಯಿಗೆ ನನ್ನ ನಮಸ್ಕಾರ. ನಾಣ್ಯಕ್ಕೆ ನನ್ನ ಸಂತಾಪ." ಭಾವ ಅದನ್ನು ಮತ್ತೆ ಮತ್ತೆ ಓದಿಸಿಕೊಂಡು ನಕ್ಕರು.

ಹಬ್ಬಕ್ಕೆಂದು ಮೊಳಕಾಲ್ಮೂರಿಗೆ ಹೋದಾಗ ಅವ್ವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ನೀನಾದ್ರೂ ಹೇಳಮ್ಮಾ, ಫಾರಿನ್ನಿನವರು ಏನಂದ್ರು?"

ಮಗ್ಗದ ಸದ್ದು ತಟ್ಟನೆ ನಿಂತಿತು. "ಇಷ್ಟು ಹೊಳೆಯೋ ಆನೆಕಾಸು ಜನ್ಮದಲ್ಲೇ ಕಂಡಿಲ್ಲ ಅಂದ್ರು ಅವ್ವ" ಎಂದೆ. ಸುಳ್ಳೇನೂ ಅಲ್ಲವಲ್ಲ!

ಅವ್ವನ ಮುಖ ಊರಗಲ ಆಯಿತು. "ಮತ್ತೆ ಉಳಿದವೇನು ಪಾಪ ಮಾಡ್ಯಾವೋ? ತಾರೋ ಡಬ್ಬಿ, ಎಲ್ಲಾ ತಿಕ್ಕಿ ಕೊಡ್ತೀನಿ" ಎಂದು ಮಗನನ್ನು ಕೂಗಿದಳು.

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಭಾವ ಮಗ್ಗದಿಂದೆದ್ದು ಸರಸರ ಒಳಗೆ ಹೋದರು. ಡಬ್ಬಿ ಬಚ್ಚಿಡಲು ಹೋದರೆಂದೇ ನಾನು ತಿಳಿದೆ. ಹೊರಗೆ ಬಂದಾಗ ಒಂದು ಕೈಯಲ್ಲಿ ಡಬ್ಬಿಯಿತ್ತು, ಇನ್ನೊಂದರಲ್ಲಿ ಹುಣಸೆಹಣ್ಣಿನ ಬಟ್ಟಲು. ಅವ್ವನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಹಣ್ಣನ್ನು ತಾವೇ ಕಿವುಚತೊಡಗಿದರು.

"ನೀನು ಹುಳಿ ಮುಟ್ಟಬ್ಯಾಡವ್ವ" ಎಂದರು. "ನಾನು ತಿಕ್ತೀನಿ, ನೀನು ಸೆರಗಲ್ಲಿ ಒರೆಸಿ ಕೊಡು."