ಮಾವನವರಿಗೆ ಕಂಡ ಚುಕ್ಕೆ

ಖಗೋಳ ವಿಜ್ಞಾನಿಗಿದ್ದ ಕೊರಗು ಒಂದೇ: ಹೆಂಡತಿಯ ತಂದೆ ತಾರಸಿಯ ಮೇಲೊಂದು ಹಳೆಯ ದೂರದರ್ಶಕ ಇಟ್ಟುಕೊಂಡಿದ್ದರು. ನಲವತ್ತು ವರ್ಷ ಬಟ್ಟೆ ಹೊಲಿದ ದರ್ಜಿ ಆಕಾಶಕ್ಕೆ ಕೈ ಹಾಕುವುದೆಂದರೇನು? ಒಂದೇ ಸುರುಳಿ ಗೆಲಾಕ್ಸಿಯನ್ನು ಇಪ್ಪತ್ತು ವರ್ಷ ಅರೆದು ಕುಡಿದ ಅಳಿಯ ಮನೆಯಲ್ಲೇ ಇರುವಾಗ! (ಕುಡಿದದ್ದು ಅರಗಿತೇ ಎಂದು ಹೆಂಡತಿ ಆಗಾಗ ವಿಚಾರಿಸುವುದುಂಟು.)

ಒಂದು ಬೆಳಿಗ್ಗೆ ಚಹಾದ ಹೊತ್ತಿಗೆ ಮಾವ ಮೆಲ್ಲಗೆ ಬಾಯಿಬಿಟ್ಟರು. "ಅಳಿಯಂದಿರೇ, ನಿಮ್ಮ ಗೆಲಾಕ್ಸಿ ನೋಡ್ದೆ. ಕೆಳಗಿನ ತೋಳಲ್ಲಿ ಹೊಸ ಚುಕ್ಕೆ ಇದೆ. ಹೋದ ವಾರ ಇರ್ಲಿಲ್ಲ."

"ಅದು ಅಂಗಿ ತೋಳಲ್ಲ ಮಾವ. ಚುಕ್ಕೆ ಇರೋದು ನಿಮ್ಮ ಗಾಜಿನ ಮೇಲೆ. ಒರೆಸಿ."

"ಮೂರು ಸಲ ಒರೆಸ್ದೆ."

"ಹಾಗಾದ್ರೆ ಕನ್ನಡಕ ಒರೆಸಿ."

"ರಾತ್ರಿ ಒಂದ್ಸಲ ನೀವೇ ನೋಡ್ರೀ, ನಿಮ್ಮ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ.

ನೋಡುತ್ತೇನೆ ಎನ್ನುವ ಬದಲು ವಿಜ್ಞಾನಿ ಎದ್ದು ನಿಂತು, ಕೋಟ್ಯಂತರ ಜ್ಯೋತಿರ್ವರ್ಷ, ಧೂಳಿನ ಮೋಡ, ವೃದ್ಧಾಪ್ಯದ ದೃಷ್ಟಿಭ್ರಮೆ ಎಂದು ಮುಕ್ಕಾಲು ಗಂಟೆ ಉಪನ್ಯಾಸ ಬಿಗಿದರು. ಕೊನೆಯವರೆಗೂ ತಲೆದೂಗಿದ ಮಾವ, "ಇಂಥದ್ದನ್ನ ಯಾರಿಗೆ ತಿಳಿಸ್ಬೇಕು? ಆ ವಿಳಾಸ ಮಾತ್ರ ಕೊಡಿ" ಎಂದರು. ವಿಜ್ಞಾನಿ ನಗುತ್ತಲೇ ಬರೆದುಕೊಟ್ಟರು.

ಮೂರನೆಯ ದಿನ ಮಧ್ಯಾಹ್ನ ವೀಕ್ಷಣಾಲಯದ ನಿರ್ದೇಶಕರ ಫೋನ್. "ಏನ್ರೀ, ನಿಮ್ಮ ಗೆಲಾಕ್ಸಿಯಲ್ಲಿ ನಕ್ಷತ್ರ ಸಿಡಿದಿದೆ! ಎಲ್ಲರೂ ನೋಡಿ ಖಚಿತ ಮಾಡಿದಾರೆ. ಮೊದಲು ಕಂಡೋರು ನಿಮ್ಮ ಬೀದಿಯವರಂತೆ. ದೊಡ್ಡ ವಿದ್ವಾಂಸರಿರ್ಬೇಕು, ಗೊತ್ತಾ?"

ವಿಜ್ಞಾನಿ ಹಿತ್ತಲಿನತ್ತ ತಿರುಗಿದರು. ಕಿಟಕಿಯಾಚೆ ವಿದ್ವಾಂಸರು ಟವೆಲ್ ಹಿಂಡುತ್ತಿದ್ದರು.

"ಮುಖಪರಿಚಯ ಇದೆ ಸಾರ್."

"ಒಳ್ಳೇದಾಯ್ತು. ನಾಳೆ ದೊಡ್ಡ ದೂರದರ್ಶಕದ ಸರದಿ ನಿಮ್ಮದಿತ್ತಲ್ಲ, ಅದನ್ನ ಈ ನಕ್ಷತ್ರಕ್ಕೆ ಕೊಟ್ಟಿದೀನಿ. ನಿಮಗೆ ಮುಂದಿನ ವರ್ಷ ನೋಡೋಣ. ಅವರನ್ನ ಕಳಿಸ್ಕೊಡಿ. ಜೊತೆಗೆ ಮನೆಯವರೊಬ್ಬರು ಬರಬಹುದು."

ಆ ಸರದಿಗಾಗಿ ಹತ್ತು ತಿಂಗಳು ಕಾದಿದ್ದ ವಿಜ್ಞಾನಿ, ಇದ್ದ ಬದ್ದ ಬಿಗುಮಾನವನ್ನೆಲ್ಲ ನುಂಗಿ ಹಿತ್ತಲಿಗೆ ಹೋದರು. ಟವೆಲಿನ ಇನ್ನೊಂದು ತುದಿ ಹಿಡಿದರು.

"ತಪ್ಪಾಯ್ತು ಮಾವ. ನಾನು ನೋಡ್ಬೇಕಿತ್ತು."

"ಬಿಡಿ, ಅದಕ್ಕೇನಂತೆ."

"ನಿಮ್ಮ ಚುಕ್ಕೆ ನಿಜವಂತೆ, ನಾಳೆ ವೀಕ್ಷಣಾಲಯಕ್ಕೆ ಕರೆದಿದಾರೆ. ನಿಮ್ಮ ಜೊತೆ ಮನೆಯವರೊಬ್ಬರು ಬರಬಹುದಂತೆ..."

"ಹೌದಾ? ಏ ಮಗಳೇ, ನಿನ್ನ ಸ್ವೆಟರೂ ತೆಗೆದಿಡು!"

ವಿಜ್ಞಾನಿಯ ಮುಖ ನೋಡಿ ಹೆಂಡತಿಗೆ ಕನಿಕರ ಬಂತು. "ಅಪ್ಪನ ದೂರದರ್ಶಕ ಮೇಲೇ ಇರುತ್ತಲ್ಲ, ಅದರಲ್ಲಿ ನೋಡ್ಕೊಳ್ಳಿ. ಸ್ವಲ್ಪ ಅಲ್ಲಾಡುತ್ತೆ, ಕಾಲು ಹಿಡ್ಕೋಬೇಕು ಅಷ್ಟೆ."

ಮರುದಿನ ಕತ್ತಲಾದ ಮೇಲೆ ವಿಜ್ಞಾನಿ ಒಬ್ಬರೇ ತಾರಸಿ ಹತ್ತಿ ಕಾಲು ಹಿಡಿದರು. ಚುಕ್ಕೆ ಸ್ಪಷ್ಟವಾಗಿ ಕಂಡಿತು.