ರಕ್ತದಾನಕ್ಕೆ ಕುಂಕುಮ ಹಚ್ಚಿ ಕರೆದದ್ದು

ಓದು ಮುಗಿಯಿತು ಎಂದು ಹೇಳಿಕೊಳ್ಳುವ ಸುಖ ನನ್ನ ಹಣೆಯಲ್ಲಿ ಬರೆದಿಲ್ಲ. ಎಂಬಿಬಿಎಸ್ ಆಯಿತು, ಎಂಡಿ ಆಯಿತು, ಪಿಎಚ್.ಡಿ.ಯೂ ಆಯಿತು. ತಲೆಗೂದಲು ಬೆಳ್ಳಗಾಗತೊಡಗಿದ ಮೇಲೆ ಈಗ ರಕ್ತಪೂರಣ ವಿಜ್ಞಾನದಲ್ಲಿ ಡಾಕ್ಟರೇಟ್ ನಂತರದ ಸಂಶೋಧನಾ ತರಬೇತಿ. ಅಂದರೆ ಒಬ್ಬರಿಂದ ರಕ್ತ ಪಡೆದು, ಪರೀಕ್ಷಿಸಿ, ಇನ್ನೊಬ್ಬರಿಗೆ ಏರಿಸುವ ವಿದ್ಯೆ. “ಏನವಾ, ನಿನ್ನ ಸಾಲಿ ಇನ್ನೂ ಮುಗೀಲಿಲ್ಲೇನು? ಮಗಳು ಹತ್ತನೇ ಕ್ಲಾಸಿಗೆ ಬಂದಾಳ” ಎನ್ನುತ್ತಾರೆ ನಮ್ಮತ್ತೆ. ತಾಯಿ ಮಗಳು ಒಂದೇ ಮೇಜಿಗೆ ಕೂತು ಓದುವುದನ್ನು ಕಂಡ ನೆಂಟರು, ಯಾರ ಪರೀಕ್ಷೆ ಮೊದಲು ಎಂದು ವಿಚಾರಿಸುವುದೂ ಉಂಟು. ಅದಕ್ಕೆ ನಗುವಷ್ಟು ತ್ರಾಣವೂ ನನ್ನಲ್ಲಿ ಉಳಿದಿಲ್ಲ.

ನನ್ನ ಸಂಶೋಧನೆಯ ಪ್ರಶ್ನೆ ಸಣ್ಣದು. ಒಮ್ಮೆ ರಕ್ತ ಕೊಟ್ಟವರು ಮತ್ತೊಮ್ಮೆ ಯಾಕೆ ಬರುವುದಿಲ್ಲ? ಹಳೆಯ ದಾನಿಗಳ ಮೊಬೈಲಿಗೆ ಒಂದು ಮೆಸೇಜ್ ಕಳಿಸಬೇಕು, ಶಿಬಿರಕ್ಕೆ ತಾವಾಗಿಯೇ ಯಾರು ಬರುತ್ತಾರೆ ನೋಡಬೇಕು. ಬೆಂಗಳೂರಿನಲ್ಲಿರುವ ನನ್ನ ಗೈಡ್ ಮೊದಲೇ ಎಚ್ಚರಿಸಿದ್ದರು: “ಯಾರನ್ನೂ ಒತ್ತಾಯ ಮಾಡಬೇಡಿ ಮೇಡಂ. ನೀವು ಕೈ ಹಾಕಿದರೆ ಅಧ್ಯಯನ ಕೆಟ್ಟ ಹಾಗೆ.” ಇರಕಲ್ಲಗಡ ಎಂಬ ಹಳ್ಳಿಯ ಶಿಬಿರದಲ್ಲಿ ನಾನು ಯಾವುದಕ್ಕೂ ಕೈ ಹಾಕದೆ ಕೂತೆ. ಅಧ್ಯಯನ ಬಹಳ ಶುದ್ಧವಾಗಿತ್ತು, ಒಬ್ಬರೂ ಬರಲಿಲ್ಲ. ದಾನಿಗಳಿಗೆಂದು ತಂದ ಬಿಸ್ಕತ್ತನ್ನು ನಾವೇ ತಿಂದು ಕೊಪ್ಪಳಕ್ಕೆ ಮರಳಿದೆವು.

ಬಾರದಿದ್ದುದಕ್ಕೆ ಕಾರಣ ಕೇಳಲು ಅಡ್ಡಿಯಿರಲಿಲ್ಲವಾದ್ದರಿಂದ ಮನೆಮನೆಗೆ ಹೋದೆ. ಸೂಜಿಯ ಭಯ, ನಿಶ್ಶಕ್ತಿಯ ಭಯ, ಹೆಂಡತಿಯ ಭಯ, ಎಲ್ಲ ಭಯಗಳಿಗೂ ನನ್ನ ಪ್ರಶ್ನೆಗಳಲ್ಲಿ ಜಾಗವಿತ್ತು. ಹಿಂದೆ ರಕ್ತ ಕೊಟ್ಟಿದ್ದ ರೈತ ಶರಣಪ್ಪನವರು ಚಹಾ ಕುಡಿಸಿ ಎಲ್ಲವನ್ನೂ ತಳ್ಳಿಹಾಕಿದರು.

“ಅಂಜಿಕಿ ಏನಿಲ್ರಿ. ಯಾರೂ ಕರೀಲಿಲ್ಲಲ್ರಿ.”

“ಮೆಸೇಜ್ ಕಳಿಸಿದ್ವಲ್ರಿ?”

“ಮೆಸೇಜ್ ಬ್ಯಾಂಕಿನವರೂ ಕಳಸ್ತಾರ್ರಿ. ಮನಿಗೆ ಬಂದು ಬರ್ರಿ ಅಂದ್ರ ಬರೂದು. ಕರೀದ ಹೋದ್ರ ಮಂದಿ ಏನಂದಾರು?”

ಉಳಿದ ಮನೆಗಳಲ್ಲೂ ಇದೇ ಉತ್ತರ, ಇಷ್ಟೇ ಸಿಹಿ ಚಹಾ. ಗೈಡ್‌ಗೆ ತಿಳಿಸಿದರೆ, “ಅದು ಕಾರಣವೇ ಅಲ್ಲ, ಒಳಗಿನ ಮಾನಸಿಕ ಅಂಶ ಹುಡುಕಿ” ಎಂದರು.

ಅಷ್ಟರಲ್ಲಿ ಯಲಬುರ್ಗಾದ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ರಕ್ತನಿಧಿಗೆ ಬಂದರು. ಹುಡುಗಿಗೆ ಥಲಸ್ಸೀಮಿಯಾ, ತಿಂಗಳು ತಿಂಗಳು ರಕ್ತ ಏರಿಸದಿದ್ದರೆ ಜೀವ ನಿಲ್ಲದು. “ಈ ಸಲ ರಕ್ತ ಐತೇನ್ರಿ?” ಎಂದರು, ಅಂಗಡಿಯಲ್ಲಿ ಸಕ್ಕರೆ ಕೇಳುವ ಹಾಗೆ. ಕೇಳಿ ಕೇಳಿ ಅವರಿಗೆ ರೂಢಿಯಾಗಿತ್ತು, ನನಗೆ ಆಗಿರಲಿಲ್ಲ. ಅಂದು ಹೇಗೋ ಸಾಗಿತು. ಫ್ರಿಜ್ ಖಾಲಿಯಾಯಿತು. ಮುಂದಿನ ತಿಂಗಳ ಮಾತೆತ್ತಲು ನನಗೆ ಧೈರ್ಯವಾಗಲಿಲ್ಲ. ಮನೆಗೆ ಬಂದು ಅತ್ತೆಯ ಮುಂದೆ ಹೇಳಿಕೊಂಡೆ.

ಅತ್ತೆ ಎಲ್ಲ ಕೇಳಿಸಿಕೊಂಡು ಕುಂಕುಮದ ಬಟ್ಟಲು ಕೈಗೆತ್ತಿಕೊಂಡರು. “ನಡಿ, ಕರದು ಬರೂಣು. ಮದುವಿಗೆ ಕರಿಯಾಕ ಬರ್ತೈತಿ, ಜೀವ ಉಳಸಾಕ ಕರಿಯಾಕ ಏನು ಧಾಡಿ?”

“ಅಧ್ಯಯನ ಕೆಡ್ತೈತ್ರಿ ಅತ್ತಿ.”

“ಕೆಡ್ಲಿ ಬಿಡು. ಮತ್ತ ಓದೀಯಂತ, ನಿನಗೇನು ಹೊಸದು?”

ಇರಕಲ್ಲಗಡದ ಓಣಿಓಣಿ ತಿರುಗಿದೆವು. ಅತ್ತೆ ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ “ಮನಿ ಮಂದೆಲ್ಲಾ ಬರಬೇಕ್ರಿ” ಎನ್ನುವರು. ನಾನು ಹಿಂದೆ ನಿಂತು ವಿಜ್ಞಾನದ ಪರವಾಗಿ ತಲೆ ತಗ್ಗಿಸುವೆ. ಮುಂದಿನ ಶಿಬಿರದಲ್ಲಿ ಕುರ್ಚಿ ಸಾಲಲಿಲ್ಲ. ಶರಣಪ್ಪನವರು ಇಸ್ತ್ರಿ ಅಂಗಿ ತೊಟ್ಟು ತಮ್ಮನನ್ನೂ ಕರೆತಂದರು. ರಕ್ತ ಕೊಡುವ ವಯಸ್ಸು ದಾಟಿದ ಅಜ್ಜಿಯೊಬ್ಬರು, ಕರೆದ ಮೇಲೆ ಬರಿಗೈಲಿ ಬರಬಾರದೆಂದು ಮದುವೆಮನೆಯ ಉಡುಗೊರೆಯಂತೆ ನನಗೊಂದು ಕುಪ್ಪಸದ ಖಣ ಆಯೇರಿ ಮಾಡಿದರು. ಮುಂದಿನ ತಿಂಗಳು ಯಲಬುರ್ಗಾದ ಹುಡುಗಿಗೆ ರಕ್ತವಿತ್ತು. ಅವಳ ತಾಯಿ ಕೇಳುವ ಮೊದಲೇ “ಐತ್ರಿ” ಎಂದುಬಿಟ್ಟೆ. ಎಷ್ಟೋ ದಿನಗಳ ಮೇಲೆ ನನಗೆ ಹಗುರೆನಿಸಿತು.

ನಡೆದದ್ದನ್ನು ಗೈಡ್‌ಗೆ ಒಪ್ಪಿಸಿದೆ. ಅಧ್ಯಯನ ಕೆಟ್ಟಿದೆ, ತರಬೇತಿ ಇನ್ನೊಂದು ವರ್ಷ, ನಾಳೆಯಿಂದಲೇ ಮತ್ತೆ ಶುರು ಮಾಡಿ ಎಂದು ಅವರಿಂದ ಮೊಬೈಲಿಗೆ ಒಂದೇ ಸಾಲು ಬಂತು. ಇಂಥ ಒಂದು ಸಾಲಿಗೆ ಇಡೀ ಇರಕಲ್ಲಗಡದಲ್ಲಿ ಒಬ್ಬರೂ ಕದಲಿರಲಿಲ್ಲ. ಆ ಊರಿನವರು ಮಾನವಂತರು. ನಾನು ಮಾತ್ರ ಮರುದಿನ ಬೆಳಿಗ್ಗೆ, ರಕ್ತನಿಧಿಯ ಬೀಗ ತೆಗೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದೆ.