ಎದುರಾಳಿಯ ಮನೆಯ ಊಟದ ಹೊತ್ತು

ತಪ್ಪೆಲ್ಲ ಎದುರಾಳಿಯದು. ತನ್ನ ಮೈಕ್ ಆಫ್ ಮಾಡುವುದನ್ನು ಅವನು ಮರೆತಿದ್ದ. ಅದು ಗೊತ್ತಿದ್ದೂ ಕಿವಿ ಡಾಕ್ಟ್ರು ತುಟಿ ಬಿಚ್ಚಿರಲಿಲ್ಲ ಎಂಬುದು ಬೇರೆ ಮಾತು.

ಕಿವಿ ಡಾಕ್ಟ್ರು ಎಂಬುದು ಬಿಲ್ಡಿಂಗಿನವರು ಇಟ್ಟ ಹೆಸರು. ಡಾಕ್ಟರಿಕೆಗೂ ಅವರಿಗೂ ಸಂಬಂಧವಿಲ್ಲ. ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವ ಕೆಲಸ. ಹೊರಗಿನ ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, "ಸದ್ದು ಕೇಳಿದ್ರೆ ಕೈ ಎತ್ತಿ" ಎನ್ನುವುದು. ವಾರವಿಡೀ ಅವರು ಆಡುವ ಮಾತು ಅಷ್ಟೇ. ಮನೆಗೆ ಬಂದರೆ ಅದನ್ನು ಹೇಳಲೂ ಯಾರಿಲ್ಲ. ಮದುವೆಯ ವಯಸ್ಸು ಹೇಳದೆ ಕೇಳದೆ ದಾಟಿಹೋಗಿತ್ತು. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಕುರ್ಚಿ ಕಿರ್ ಎಂದರೆ ಯಾರೋ ಬಂದರೆಂದು ತಿರುಗಿ ನೋಡುತ್ತಿದ್ದರು, ಪಾಪ.

ಹಾಗಾಗಿ ರಜಾದಿನದ ಮಧ್ಯಾಹ್ನ ಮೊಬೈಲಿನಲ್ಲಿ ಚೆಸ್. ಮೂರೇ ನಿಮಿಷದ ಆಟ. ಕುದುರೆ ಓಡಿಸಲೇ ಪುರಸೊತ್ತಿಲ್ಲದಾಗ ಒಂಟಿತನದ ಬಗ್ಗೆ ಕೊರಗುವುದೆಲ್ಲಿ ಬಂತು? ಬೇಕೆಂದವರು ಮೈಕ್ ಹಾಕಿಕೊಂಡು ಮಾತೂ ಆಡಬಹುದು. ಅವರಿಗೆ ತಪ್ಪದೆ ಸಿಗುತ್ತಿದ್ದ ಎದುರಾಳಿಯ ಅಡ್ಡಹೆಸರು 'ಕುಂಟುಕುದುರೆ'. ತುಂಬ ಸಭ್ಯ. ಆಟಕ್ಕೆ ಮುಂಚೆ 'ನಮಸ್ಕಾರ' ಎಂದು ಬರೆಯುತ್ತಿದ್ದ, ಸೋತರೆ 'ಚೆನ್ನಾಗಿ ಆಡಿದ್ರಿ' ಎನ್ನುತ್ತಿದ್ದ. ಬಾಯಿಬಿಟ್ಟು ಮಾತಾಡಿದ್ದಿಲ್ಲ. ಆದರೆ ತೆರೆದೇ ಇದ್ದ ಅವನ ಮೈಕಿನಿಂದ ಇಡೀ ಮನೆಯೊಂದು ಹರಿದುಬರುತ್ತಿತ್ತು. ಪಾತ್ರೆ ದಡಾರನೆ ಬೀಳುವುದು, ಒಂದು ಕಾಲಿನ ಸಾಕ್ಸ್ ಸಿಗಲಿಲ್ಲವೆಂದು ಮಗು ರಂಪ ಮಾಡುವುದು, ಅಜ್ಜಿ ಕೆಮ್ಮುತ್ತಲೇ ಮೊಮ್ಮಗುವಿನ ಪರ ವಹಿಸುವುದು, ಕೊನೆಗೊಂದು ಹೆಣ್ಣುದನಿ: "ರೀ, ಊಟಕ್ಕೆ ಬನ್ನಿ!"

ದನಿ ಸ್ವಲ್ಪ ಮಂಕಾಗಿ ಬರುತ್ತಿತ್ತು. ಅಡಿಗೆಮನೆ ಒಳಗಡೆ ಇರಬೇಕೆಂದು ಕಿವಿ ಡಾಕ್ಟ್ರು ಲೆಕ್ಕ ಹಾಕಿದ್ದರು.

ಬೇರೆಯವರಾಗಿದ್ದರೆ ಗಲಾಟೆಗೆ ಗಮನ ಕೆಟ್ಟಿತೆಂದು ದೂರು ಕೊಡುತ್ತಿದ್ದರು. 'ನಿಮ್ಮ ಮೈಕ್ ಆನ್ ಇದೆ' ಎಂದು ತಿಳಿಸುವುದಾದರೂ ಮರ್ಯಾದೆ. ತಿಳಿಸಿದರೆ ಆ ಮನೆ ಬಾಗಿಲು ಹಾಕಿಕೊಂಡುಬಿಡುತ್ತದಲ್ಲ! ಕಿವಿ ಡಾಕ್ಟ್ರಿಗೆ ಇದ್ದದ್ದು ಅದೊಂದೇ ಮನೆ. ಬದಲಿಗೆ ಒಂದು ಸ್ಪೀಕರ್ ತಂದು ಮೊಬೈಲಿಗೆ ಜೋಡಿಸಿಕೊಂಡರು. "ಊಟಕ್ಕೆ ಬನ್ನಿ" ಎಂದು ಕೇಳಿದ ಕೂಡಲೇ, ಗೆಲ್ಲುವ ಆಟವಿದ್ದರೂ ಸೋಲೊಪ್ಪಿ ಎದ್ದುಬಿಡುತ್ತಿದ್ದರು. ಆ ಪುಣ್ಯಾತ್ಮ ಬಿಸಿಯಾಗಿ ಉಣ್ಣಲಿ ಎಂದು.

ಆದರೆ ಇವತ್ತು ಕುಂಟುಕುದುರೆ ಏಳುವ ಲಕ್ಷಣವೇ ಇರಲಿಲ್ಲ. ಇವರು ಸೋಲೊಪ್ಪಿದರೆ 'ಇನ್ನೊಂದು ಆಟ?' ಎಂದ. ಅದನ್ನೂ ಬಿಟ್ಟುಕೊಟ್ಟರೆ 'ಮತ್ತೊಂದು?' ಎಂದ. ಅತ್ತ ದನಿ ಏರುತ್ತಿತ್ತು.

"ರೀ, ಕಿವಿಗೆ ಹತ್ತಿ ಇಟ್ಕೊಂಡಿದೀರಾ?"

ಕುಂಟುಕುದುರೆ ಸಾವಕಾಶವಾಗಿ ಆನೆ ನಡೆಸಿದ. ಕಿವಿ ಡಾಕ್ಟ್ರ ಪಿತ್ತ ನೆತ್ತಿಗೇರಿತು. ಕರೆಯುವವರಿದ್ದೂ ಹೋಗದವನನ್ನು ಏನೆನ್ನಬೇಕು? ತಮ್ಮ ಮೈಕ್ ಒತ್ತಿ ಕೂಗಿದರು.

"ಎಷ್ಟು ಸಲ ಕರೀಬೇಕ್ರೀ ಅವರು? ಎದ್ದು ಹೋಗಿ ಊಟ ಮಾಡ್ರೀ! ಆ ತಾಯಿ ಅಳೋ ತನಕ ಕಾಯ್ತೀರಾ?"

ಬಾಗಿಲು ದಬದಬ ಬಡಿಯಿತು. ಗಾಬರಿಯಲ್ಲಿ ಮೈಕ್ ಆಫ್ ಮಾಡದೆಯೇ ಮೊಬೈಲನ್ನು ದಿಂಬಿನಡಿ ತುರುಕಿ ಬಾಗಿಲು ತೆಗೆದರೆ, ಕೆಳಗಿನ ಮನೆಯ ಓನರಮ್ಮ. ಹಿಂದೆ, ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡ ಎದುರುಮನೆಯ ಟೈಲರ್.

"ಯಾರ್ರೀ ಒಳಗೆ? ಹೆಂಗಸಿನ ದನಿ ಕೇಳ್ತು, ಮಗು ಅಳೋದು ಕೇಳ್ತು. ಒಬ್ಬನೇ ಇರ್ತೀನಿ ಅಂತ ತಾನೇ ಮನೆ ತಗೊಂಡಿದ್ದು?"

"ಅಜ್ಜಿನೂ ಇದಾರೆ," ಎಂದ ಟೈಲರ್, ಆಗಲೇ ಮಂಚದ ಕೆಳಗೆ ಬಗ್ಗಿ. "ಕೆಮ್ಮಿದ್ದು ನಂಗೆ ಕೇಳ್ತು."

"ಅದು ಚೆಸ್ಸಮ್ಮಾ..."

"ಚೆಸ್ಸು ಕೆಮ್ಮುತ್ತೇನ್ರೀ?"

ಅಷ್ಟರಲ್ಲಿ ಮೇಜಿನ ಮೇಲಿನ ಸ್ಪೀಕರ್ ಗುಡುಗಿತು: "ರೀ, ಕೊನೇ ಸಲ ಕರೀತಿದೀನಿ!" ಓನರಮ್ಮ ಬಾಗಿಲಿನವರೆಗೆ ಹಿಂದೆ ಹಾರಿದರು. ಟೈಲರ್ ಮಂಚಕ್ಕೆ ತಲೆ ಚಚ್ಚಿಕೊಂಡ. ಮೂವರೂ ಒಟ್ಟಿಗೆ ಬಾಯಿ ಮಾಡಿದರು.

ಕೊನೆಗೆ ಎಲ್ಲ ವಿವರಿಸಿದಾಗ ಓನರಮ್ಮನ ಮುಖ ಸಪ್ಪಗಾಯಿತು.

"ಛೇ, ಹಾಗಾದ್ರೆ ಯಾರೂ ಇಲ್ವಾ?"

"ಯಾರೂ ಇಲ್ಲಮ್ಮ," ಎಂದರು ಕಿವಿ ಡಾಕ್ಟ್ರು. ಎಷ್ಟೋ ವರ್ಷದಿಂದ ಗೊತ್ತಿದ್ದ ಸಂಗತಿಯೇ.

ಇಬ್ಬರೂ ಹೋದ ಮೇಲೆ ದಿಂಬಿನಡಿಯಿಂದ ಮೊಬೈಲ್ ತೆಗೆದರು. ಸ್ಪೀಕರ್ ತಣ್ಣಗಿತ್ತು. ಹೊಸ ಆಟ ಶುರುವಾಗಿ ಗಡಿಯಾರ ಓಡುತ್ತಿತ್ತು. ಪಕ್ಕದಲ್ಲಿ ಕುಂಟುಕುದುರೆಯ ಬರಹ:

'ಕ್ಷಮಿಸಿ. ಮೈಕ್ ಆನ್ ಇದ್ದದ್ದು ಗೊತ್ತೇ ಇರಲಿಲ್ಲ. ಈಗ ಆಫ್ ಮಾಡಿದೆ. ನನ್ನನ್ನು ಯಾರೂ ಊಟಕ್ಕೆ ಕರೀಲಿಲ್ಲ ಸಾರ್. ಅದು ಪಕ್ಕದ ಮನೆ. ನಡುವೆ ಇರೋದು ಹಲಗೆ ಗೋಡೆ. ಅದಕ್ಕೆ ಒರಗಿ ಕೂತ್ರೆ ಮನೇಲಿ ಜನ ಇದ್ದ ಹಾಗಿರುತ್ತೆ. ನಾನೊಬ್ಬನೇ. ನಿಮ್ಮನೇಲಿ ಎಷ್ಟೊಂದು ಜನ! ಮಾತು ತಿಳೀಲಿಲ್ಲ, ದನಿಗಳು ಕೇಳಿದ್ವು. ನಿಮ್ಮ ಮೈಕ್ ಹಾಗೇ ಇರಲಿ, ಚೆನ್ನಾಗಿದೆ.'

ಊರಿನವರ ಕಿವಿಯನ್ನೆಲ್ಲ ಪರೀಕ್ಷಿಸುವವರು ಗೋಡೆಯಾಚೆಯ ದನಿಯನ್ನು ಗುರುತಿಸಿರಲಿಲ್ಲ. ನಾಚಿಕೆಯಾಯಿತು. ಅದರ ಹಿಂದೆಯೇ, ಏನೆಂದು ಹೇಳುವುದು, ಸಂತೋಷವಾಯಿತು. ತಮ್ಮಂಥವನೇ ಒಬ್ಬ! ಆಟ ಬಿಟ್ಟು ಒಂದೇ ಬೆರಳಿನಲ್ಲಿ ಬರೆಯತೊಡಗಿದರು: 'ಅವರು ನಮ್ಮನೆಯವರಲ್ಲ. ನಾನೂ ಒಬ್ಬನೇ. ಬಿಡುವಾದಾಗ ಸುಮ್ಮನೆ ಮಾತಾಡೋಣ್ವಾ...'

ಕಳಿಸುವ ಮೊದಲೇ ಕೆಳಗಿನಿಂದ ಓನರಮ್ಮ ತಮ್ಮ ಯಜಮಾನರನ್ನು ಕರೆದರು. ಬಿಲ್ಡಿಂಗಿಗೆಲ್ಲ ಕೇಳುವ ಕಂಠ.

"ರೀ, ಊಟಕ್ಕೆ ಬನ್ನಿ! ತಣ್ಣಗಾಗ್ತಿದೆ!"

ಪರದೆಯ ಮೇಲೆ ಥಟ್ಟನೆ ಮೂಡಿತು: 'ಕರೀತಿದಾರೆ. ಹೋಗಿ ಸಾರ್, ಕಾಯಿಸಬೇಡಿ. ಆಟ ಇದ್ದೇ ಇರುತ್ತೆ.'

ಕುಂಟುಕುದುರೆ ಸೋಲೊಪ್ಪಿ ಹೊರಟುಹೋದ. ಅರ್ಧ ಬರೆದ ಸಾಲು ಆಟದ ಜೊತೆಗೇ ಅಳಿಸಿಹೋಗಿ, 'ಅಭಿನಂದನೆ, ನೀವು ಗೆದ್ದಿದ್ದೀರಿ' ಎಂದು ಮೊಬೈಲ್ ಹಾಡಿತು.

ಕೆಳಗಿನಿಂದ ಮತ್ತೆ ದನಿ ಬಂತು. "ಕೇಳಿಸ್ತೇನ್ರೀ?"

ಕಿವಿ ಡಾಕ್ಟ್ರು ತಮ್ಮ ಒಂದೇ ಕುರ್ಚಿಯಲ್ಲಿ ಕೂತು, ಮೆಲ್ಲಗೆ ಕೈ ಎತ್ತಿದರು.